ಒಂದೇ ಎಳೆತದ ಗಂಟು

ನಮ್ಮಪ್ಪ ಸರ್ಕಾರಿ ಕಚೇರಿಯ ಜವಾನ. ಊರಿನವರ ಬಾಯಲ್ಲಿ ಗಂಟಪ್ಪ. ಗಣರಾಜ್ಯೋತ್ಸವದ ದಿನ ಕಚೇರಿಯೆದುರಿನ ಕಂಬಕ್ಕೆ ಬಾವುಟವನ್ನು ಮಡಿಸಿ, ಸುತ್ತಿ, ಕಟ್ಟಿ ಏರಿಸುವವರು ಅವರೇ. ಕೆಳಗೆ ನಿಂತ ಅತಿಥಿ ಹಗ್ಗವನ್ನು ಒಮ್ಮೆ ಎಳೆದರೆ ಸಾಕು, ಮೇಲೆ ಗಂಟು ಸಡಿಲಿ ಬಾವುಟ ಹರಡಬೇಕು. ಮೂವತ್ತೊಂದು ವರ್ಷ ಹಾಗೇ ಹರಡಿತು. "ಈ ಕಚೇರೀಲಿ ಒಂದೇ ಎಳೆತಕ್ಕೆ ಆಗೋ ಕೆಲಸ ಅದೊಂದೇ" ಎಂದು ಗುಮಾಸ್ತರು ನಗುತ್ತಿದ್ದರು. ಅಪ್ಪ ಆ ಮಾತನ್ನು ಮನೆಗೆ ಬಂದು ಪ್ರತಿ ವರ್ಷವೂ ಹೊಸದೆಂಬಂತೆ ಹೇಳುತ್ತಿದ್ದರು.

ಅದೇ ಕಚೇರಿಯ ಮೆಟ್ಟಿಲ ಮೇಲೆ ನನ್ನ ಅಣ್ಣ ಸತ್ತ. ಹನ್ನೊಂದು ವರ್ಷದ ಹಿಂದೆ ಬಟ್ಟೆ ಗಿರಣಿ ಮುಚ್ಚಿದಾಗ ಕೆಲಸ ಹೋದವರೆಲ್ಲ ಅಲ್ಲಿ ಬಂದು ಕುಳಿತಿದ್ದರು, ಅಣ್ಣನೂ ಕುಳಿತಿದ್ದ. ಹೊರಡುವಾಗ ಜೇಬಿನ ಮೇಲೆ ಕಾಗದದ ಪುಟ್ಟ ಬಾವುಟ ಚುಚ್ಚಿಕೊಂಡಿದ್ದ. "ಇದಿದ್ರೆ ಯಾರು ಹೊಡೀತಾರೆ ಬಿಡೇ" ಎಂದಿದ್ದ ನನಗೆ. ಮಧ್ಯಾಹ್ನ ಆಗಿನ ಸಾಹೇಬರು ಗುಂಡು ಹಾರಿಸಲು ಹೇಳಿದರು. ಅಪ್ಪ ಆಗ ಒಳಗೆ, ಅವರದೇ ಅಪ್ಪಣೆಯಂತೆ, ಕಿಟಕಿಗಳನ್ನು ಮುಚ್ಚುತ್ತಿದ್ದರು. ಮಣ್ಣು ಮಾಡಿ ಬಂದ ನಾಲ್ಕನೇ ದಿನ ಆ ಮೆಟ್ಟಿಲನ್ನು ಉಜ್ಜಿ ತೊಳೆದವರೂ ಅವರೇ. ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲವಂತೆ. ಮುಂದಿನ ತಿಂಗಳು ಬಾವುಟವನ್ನೂ ಕಟ್ಟಿದರು. ಅದಕ್ಕೆ ಮಾತ್ರ ನಾನು ಅವರನ್ನು ಪೂರ್ತಿ ಕ್ಷಮಿಸಿರಲಿಲ್ಲ.

ಅಂದಿನಿಂದ ಅಮ್ಮ ಬಾವುಟದ ದಿನ ಬೀದಿ ಬಾಗಿಲು ತೆರೆಯುವುದನ್ನೇ ಬಿಟ್ಟಳು. ಬಾವುಟ ಹರಡಿದಾಗಿನ ಹಾಡು ಮಾತ್ರ ಸಂದಿಯಲ್ಲಿ ನುಗ್ಗಿ ಬರುತ್ತಿತ್ತು. ಅದನ್ನು ಕೇಳಿದರೆ ಈಗಲೂ ನನ್ನ ಮೈ ತಾನಾಗಿ ನೆಟ್ಟಗಾಗುತ್ತದೆ, ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅಣ್ಣ ಆ ಹಾಡನ್ನು ಬಚ್ಚಲಲ್ಲಿ ಅಪಸ್ವರದಲ್ಲಿ ಕಿರುಚುತ್ತಿದ್ದ. ನೀರು ಸುರಿದ ಸದ್ದಾದರೆ ಅಮ್ಮ ಇವತ್ತಿಗೂ ಬಚ್ಚಲ ಕಡೆ ತಿರುಗುತ್ತಾಳೆ.

ಅಪ್ಪನ ನಿವೃತ್ತಿಯ ವರ್ಷ ಬಂತು, ಅವರ ಕೊನೆಯ ಬಾವುಟ. ಅತಿಥಿ ಯಾರು ಅಂದುಕೊಂಡಿರಿ, ಅದೇ ಸಾಹೇಬರು, ಈಗ ಇನ್ನೂ ದೊಡ್ಡ ಹುದ್ದೆಯಲ್ಲಿ. ಹಿಂದಿನ ದಿನ ಊಟದ ನಡುವೆ ಅಪ್ಪ ಇದನ್ನು ಹೇಳಿದಾಗ ಅಮ್ಮ ಸೌಟು ಕೆಳಗಿಟ್ಟಳು.

"ಈ ಸಲ ಬಿಚ್ಚದ ಹಾಗೆ ಕಟ್ಟಿ. ಊರೆಲ್ಲ ನೋಡ್ತಿರಬೇಕು, ಅವನು ಎಳೆದೂ ಎಳೆದೂ ಬೆವರಬೇಕು."

"ಪಾಪ, ಬಾವುಟ ಏನು ಮಾಡಿತ್ತೇ?" ಎಂದರು ಅಪ್ಪ.

"ನನ್ನ ಮಗ ಏನು ಮಾಡಿದ್ದ?"

ಅಪ್ಪ ತುತ್ತನ್ನು ತಟ್ಟೆಗೇ ಇಟ್ಟರು. "ಒಂದು ಸಲಾನೂ ತಪ್ಪಿಲ್ಲ ಕಣೇ ನನ್ನ ಗಂಟು. ಉಂಡ ಮನೆಗೆ ಎರಡು ಬಗೆಯೋಕಾಗುತ್ತಾ?"

"ನಾಳೆ ಅದು ಆ ಕೈಗೆ ಬಿಚ್ಚಿಕೊಂಡ್ರೆ ನಿಮಗೂ ನನಗೂ ಮಾತು ಮುಗೀತು, ಸಾಯೋವರೆಗೂ."

ಅಮ್ಮ ಅಂದರೆ ಅಂದದ್ದೇ. ಒಂದು ತಾಮ್ರದ ಹಂಡೆಗಾಗಿ ಅತ್ತೆಯ ಜೊತೆ ಏಳು ವರ್ಷ ಮಾತು ಬಿಟ್ಟವಳು.

ಮರುದಿನ ಅಪ್ಪ ನಸುಕಿನಲ್ಲೇ ಹೋದರು. ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟು, ನನ್ನ ಕೈ ಹಿಡಿದು ಬಂದು ಜನರ ಕೊನೆಯ ಸಾಲಿನಲ್ಲಿ ನಿಂತಳು. ಸಾಹೇಬರ ಕೂದಲು ನರೆತಿತ್ತು, ಮುಖ ಸೌಮ್ಯವಾಗಿತ್ತು. ಹನ್ನೊಂದು ವರ್ಷ ನಾನು ಬೇರೆಯದೇ ಮುಖವನ್ನು ಕಲ್ಪಿಸಿಕೊಂಡು ಶಪಿಸಿದ್ದೆ. ಅವರು ಹಗ್ಗ ಎಳೆದರು. ಬಾವುಟ ಬಿಚ್ಚಲಿಲ್ಲ. ಮತ್ತೆ ಎಳೆದರು. ಮೂರನೆಯ ಸಲಕ್ಕೆ ಅವರ ಕತ್ತು ಕೆಂಪಾಯಿತು. ವಾದ್ಯದವರು ಕಹಳೆಗಳನ್ನು ಬಾಯಿಗಿಟ್ಟುಕೊಂಡೇ ಕಾದರು, ಯಾರೋ ಕಿಸಕ್ಕೆಂದರು. ನಾನು ಅಮ್ಮನ ಕಡೆ ನೋಡಿದೆ. ಅವಳು ನಗುತ್ತಿದ್ದಳು. ಅಣ್ಣ ಹೋದ ಮೇಲೆ ಅವಳ ಹಲ್ಲು ಕಂಡದ್ದು ಅವತ್ತೇ.

ಅಪ್ಪ ಮುಂದೆ ಬಂದು ಸಾಹೇಬರ ಕೈಯಿಂದ ಹಗ್ಗ ತೆಗೆದುಕೊಂಡರು. ತಲೆಯೆತ್ತಿ ತುಟಿಯಲ್ಲೇ ಏನೋ ಅಂದರು, ಆಮೇಲೆ ಮೆಲ್ಲಗೆ ಒಮ್ಮೆ ಎಳೆದರು. ಬಾವುಟ ಹರಡಿತು, ಹಾಡು ಶುರುವಾಯಿತು. ನನ್ನ ಮೈ ನೆಟ್ಟಗಾಯಿತು, ಅಮ್ಮನದೂ.

ಮನೆಗೆ ಬಂದ ಅಪ್ಪನಿಗೆ ಅಮ್ಮ ತಾನೇ ಕೈಗೆ ನೀರು ಹಾಕಿದಳು. "ಮಗನ ಮರ್ಯಾದೆ ಉಳಿಸಿದ್ರಿ. ಇಷ್ಟು ವರ್ಷ ಮನಸ್ಸಿನಲ್ಲೇ ನಿಮ್ಮನ್ನ ಬೈದಿದ್ದೀನಿ, ಇವತ್ತಿಗೆ ಮುಗೀತು" ಎಂದು ಅತ್ತಳು. ಅಪ್ಪ ತಲೆ ತಗ್ಗಿಸಿ ಹೂಂ ಎಂದರು.

ಆಮೇಲೆ ನನ್ನೊಬ್ಬಳನ್ನೇ ಹಿತ್ತಿಲಿಗೆ ಕರೆದರು. "ಅಮ್ಮನಿಗೆ ಹೇಳಬೇಡ. ನಾನು ಸರಿಯಾಗೇ ಕಟ್ಟಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಮತ್ತೆ ಅವಳ ಮುಂದೆ ಹೂಂ ಅಂದ್ರಲ್ಲಪ್ಪ?"

"ಇನ್ನೇನು ಅನ್ನಲಿ? ಬಿಗಿಯಾಗಿ ಕಟ್ಟೋಣ ಅಂತಲೇ ಹೋಗಿದ್ದೆ. ಕೈ ಕೇಳಲಿಲ್ಲ. ಬಟ್ಟೆ ಮುಟ್ಟಿದ್ದೇ ತಡ, ಎಂದಿನ ಗಂಟೇ ಬಿತ್ತು."

ಅವರು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುವುದನ್ನು ಕಂಡು ನನ್ನ ಕೋಪ ಇಳಿಯಿತು. "ಇಬ್ಬನಿಗೆ ಹಗ್ಗ ಉಬ್ಬಿರಬೇಕು, ಬಿಡಿ" ಎಂದೆ.

"ಇಷ್ಟು ವರ್ಷ ಇಬ್ಬನಿ ಬೀಳ್ತಿರಲಿಲ್ವಾ?" ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೇಲೆ ಅವನು ಹಿಡ್ಕೊಂಡಿದ್ದ. ಹಗ್ಗ ಕೈಗೆ ಬಂದಾಗ ಆ ಕಡೆಯಿಂದ ಜಗ್ಗೋದು ಗೊತ್ತಾಯ್ತು ನನಗೆ. ಬಿಡು ಮಗಾ, ನಾನು ನಿಮ್ಮಪ್ಪ, ಅಂದೆ. ಬಿಟ್ಟ. ಸತ್ತ ಮೇಲೂ ಅಪ್ಪನ ಮಾತು ಮೀರಲಿಲ್ಲ ನೋಡು."