ಅರ್ಧದಲ್ಲೇ ನಿಂತ ಮಣೆ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮುನಿಗಂಗಪ್ಪನ ಬೆನ್ನಿಗೆ ಒಂದು ಹೆಸರಿತ್ತು. ಈರುಳ್ಳಿ ಮೂಟೆ ಅವನಿಗೆ ಹತ್ತಿ ದಿಂಬಿನ ಸಮ. ಅಂಥವನು ಹೋದ ವರ್ಷ ಅಕ್ಕ ಕಲಾವತಿಯ ಹಿರಿಮಗಳು ನಂದಿತಾಳ ಮದುವೆಯಲ್ಲಿ ಮಾನ ಕಳೆದುಕೊಂಡ.

ಅವರ ಮನೆತನದಲ್ಲಿ ಹಾರ ಬದಲಾಯಿಸುವಾಗ ಹೆಣ್ಣನ್ನು ಮಣೆಯ ಮೇಲೆ ಕೂರಿಸಿ, ಸೋದರಮಾವಂದಿರಿಬ್ಬರು ಆಚೀಚೆ ಹಿಡಿದು ತಲೆಯ ಮೇಲಕ್ಕೆ ಎತ್ತಬೇಕು. ಗಂಡಿನ ಕಡೆಯವರು ಗಂಡನ್ನು ಎತ್ತುತ್ತಾರೆ. ಯಾರು ಎತ್ತರವೋ ಅವರದೇ ಮೇಲುಗೈ. ಅಂದು ನೆಂಟರೆಲ್ಲ ಕೈಜೋಡಿಸಿ ಮಣೆಯನ್ನು ಎದೆಮಟ್ಟಕ್ಕೆ ತಂದುಕೊಟ್ಟರು. ಅಲ್ಲಿಂದ ತಮ್ಮ ಶಿವರಾಮನ ಕಡೆ ಎದ್ದಿತು, ಮುನಿಗಂಗಪ್ಪನ ಕಡೆ ಏಳಲೇ ಇಲ್ಲ. ಮಣೆ ವಾಲಿತು. ನಂದಿತಾ ಮಾವನ ತಲೆಗೂದಲು ಹಿಡಿದುಕೊಂಡು ಬಚಾವಾದಳು.

"ಮಾವಂಗೆ ಇನ್ನೊಂದ್ ಮುದ್ದೆ ಹಾಕ್ರಪ್ಪಾ" ಎಂದ ಗಂಡಿನ ಕಡೆಯ ಯಾವನೋ ಪೋಲಿ.

ಆ ಮುದ್ದೆ ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ. ಕಿರಿಯವಳು ವನಿತಾಳ ಮದುವೆ ಗೊತ್ತಾದ ಕೂಡಲೇ ಮುನಿಗಂಗಪ್ಪ ಪುಟ್ಟೇನಹಳ್ಳಿಯ ಜಿಮ್ಮಿಗೆ ಸೇರಿದ.

ಬೆಂಚಿನ ಮೇಲೆ ಅಂಗಾತ ಮಲಗಿ, ರಾಡಿಗೆ ದಪ್ಪ ದಪ್ಪ ಪ್ಲೇಟು ಏರಿಸಿ, ಗೇಣುದ್ದ ಇಳಿಸುವುದು, ಗೇಣುದ್ದ ಎತ್ತುವುದು. ಹುಡುಗರು ಬಾಯಿಬಿಟ್ಟು ನೋಡುತ್ತಿದ್ದರು. ಅಲ್ಲಿ ಕಲಿಸುವ ಅಮೃತಹಳ್ಳಿಯ ಹುಡುಗಿ ಮೋನಿಕಾ ಮಾತ್ರ ಕೈಕಟ್ಟಿ ನಿಂತಿದ್ದಳು.

"ಅಂಕಲ್, ರಾಡ್ ಎದೆಗೆ ಮುಟ್ಬೇಕು. ನೀವು ಬಾಗ್ಲು ತನಕ ಬಂದು ವಾಪಸ್ ಹೋಗ್ತಿದೀರ."

"ಎತ್ತೋದ್ ತಾನೇ ಮುಖ್ಯ? ಇಳ್ಸಕ್ಕೆ ಯಾರಮ್ಮಾ ಇಲ್ಲಿಗ್ ಬತ್ತಾರೆ?"

"ಅರ್ಧ ತೂಕ ತೆಗೀತೀನಿ. ಒಂದ್ಸಲ ಎದೆಗೆ ಮುಟ್ಟಿಸಿ ಎತ್ತಿ. ಆಮೇಲೆ ನಾನ್ ಬಾಯೇ ಬಿಡಲ್ಲ."

ರಾಡು ಎದೆಗೆ ಬಂತು. ಬಂದದ್ದು ತವರಿಗೆ ಬಂದ ಮಗಳ ಹಾಗೆ ಅಲ್ಲೇ ಕೂತಿತು. ಕೊನೆಗೆ ಮೋನಿಕಾಳೇ ಎಳೆದು ಎತ್ತಿದಳು. ಮುನಿಗಂಗಪ್ಪ ಟವೆಲ್ ಕೊಡವಿ ಹೊರಟೇಬಿಟ್ಟ. ಕೋಪ ಬಂದರೆ ಅವನಿಗೆ ಕಾಲು ಮುಂದೆ, ಬುದ್ಧಿ ಹಿಂದೆ.

ಬುದ್ಧಿ ಬಂದು ಸೇರಿಕೊಂಡದ್ದು ಮರುದಿನ ಯಾರ್ಡಿನಲ್ಲಿ. ಲಾರಿಯ ಮೇಲಿನವರು ಮೂಟೆಯನ್ನು ಅವನ ಬಾಗಿದ ಬೆನ್ನಿಗೆ ಇಳಿಬಿಟ್ಟರು. ಅವನು ನಾಲ್ಕು ಹೆಜ್ಜೆ ಹಾಕಿ ಹಾಗೇ ನಿಂತ. ಭಾರ ಯಾವಾಗಲೂ ಮೇಲಿನಿಂದಲೇ ಬರುತ್ತಿತ್ತು. ಇಷ್ಟು ವರ್ಷ ಹೊತ್ತಿದ್ದು ಬೆನ್ನು, ನಡೆದದ್ದು ಕಾಲು. ಎದೆಯಿಂದ ಮೇಲಕ್ಕೆ ತಳ್ಳುವ ದಾರಿಯನ್ನು ಈ ಕೈಗಳು ಕಂಡೇ ಇರಲಿಲ್ಲ. ಮಣೆ ನಿಂತದ್ದೂ ಅಲ್ಲೇ, ರಾಡು ನಿಂತದ್ದೂ ಅಲ್ಲೇ.

"ಮೂಟೆ ಹೊತ್ಕೊಂಡು ಧ್ಯಾನಕ್ ಕೂತ್ಯೇನಣ್ಣಾ?" ಎಂದು ಲಾರಿಯ ಮೇಲಿನಿಂದ ಚಿಕ್ಕಬೈರಪ್ಪ ರೇಗಿಸಿದ.

ಸಂಜೆ ಮುನಿಗಂಗಪ್ಪ ಜಿಮ್ಮಿಗೆ ಹೋಗಿ, "ಬರೀ ರಾಡೇ ಕೊಡಮ್ಮ" ಎಂದ.

ಖಾಲಿ ರಾಡು ಎದೆಗೆ ಮುಟ್ಟಿಸಿ, ಮೊಣಕೈ ನೇರವಾಗುವವರೆಗೆ ಎತ್ತುವುದು. ಆಮೇಲೆ ನೆಟ್ಟಗೆ ಕೂತು ಭುಜದಿಂದ ತಲೆಯ ಮೇಲಕ್ಕೆ. ಇಳಿಸುವುದೂ ಅಷ್ಟೇ ನಿಧಾನ.

"ಇಳ್ಸೋದು ಅಂದ್ರೆ ಬಿಸಾಕೋದಲ್ಲ ಅಂಕಲ್. ಭುಜ ನೋವ್ ಬಂದ್ರೆ ಮಾತ್ರ ಅಲ್ಲೇ ನಿಲ್ಸಿ" ಎಂದಳು ಮೋನಿಕಾ.

"ಪ್ಲೇಟೆಲ್ಲ ಮಾರ್ಬಿಟ್ರಾ ಅಂಕಲ್?" ಎಂದ ಒಬ್ಬ ಹುಡುಗ.

"ನಿನ್ ಮದ್ವೆ ದಿನ ನಿಮ್ಮಾವನ್ನ ಕೇಳು ಮಗಾ, ಹೇಳ್ತಾನೆ" ಎಂದು ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಎತ್ತಿದ.

ದಿನ ಕಳೆದ ಹಾಗೆ ಪ್ಲೇಟುಗಳು ಒಂದೊಂದಾಗಿ ರಾಡಿಗೆ ವಾಪಸ್ ಬಂದವು. ಯಲಹಂಕದ ಛತ್ರದಲ್ಲಿ ವನಿತಾಳ ಮದುವೆ. ಮೋನಿಕಾಳೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಣೆ ಎದೆಮಟ್ಟಕ್ಕೆ ಬಂತು. ಹೋದ ಸಲದ ಪೋಲಿ ಇಲ್ಲಿಗೂ ವಕ್ಕರಿಸಿದ್ದ. "ಮುದ್ದೆ ರೆಡಿ ಇಟ್ಕೊಳ್ರೋ" ಎಂದ. ಮುನಿಗಂಗಪ್ಪ ಉಸಿರು ಹಿಡಿದು ತಳ್ಳಿದ. ಮಣೆ ಗಲ್ಲ ದಾಟಿತು, ತಲೆ ದಾಟಿತು. ವನಿತಾಳ ಮುಡಿ ಮಂಟಪದ ಸೇವಂತಿಗೆ ತಾಗಿತು. ಗಂಡನ್ನು ಹೊತ್ತವರ ತೋಳು ನಡುಗತೊಡಗಿದವು. ಗಂಡಿನ ಕೈಯ ಹಾರ ಹೆಣ್ಣಿನ ಮೊಣಕಾಲಿನ ಹತ್ತಿರವೇ ತೂಗಾಡುತ್ತಿತ್ತು.

"ಸಾಕ್ ಇಳ್ಸೋ ಗಂಗಪ್ಪ, ಮುಹೂರ್ತ ಮೀರ್ತದೆ" ಎಂದಳು ಕಲಾವತಿ.

ಅವನು ಇಂಚಿಂಚಾಗಿ ಇಳಿಸಿದ, ಎದೆಗೆ ಮುಟ್ಟುವವರೆಗೆ. ಗಂಡು ಹಾರ ಹಾಕಿದ. ಎಲ್ಲ ಮುಗಿಯಿತೆಂದು ಆ ಕಡೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಮಣೆ ಮತ್ತೆ ಮೇಲೆ ಹೊರಟಿತು.

"ಅಣ್ಣಾ, ನಾನ್ ಜಿಮ್ಮಿಗ್ ಹೋಗಿಲ್ಲ ಕಣೋ" ಎಂದು ಶಿವರಾಮ ನರಳಿದ.

"ಅಂಕಲ್, ಮೊಣಕೈ" ಎಂದಳು ಮೋನಿಕಾ.

ಮುನಿಗಂಗಪ್ಪ ಮೊಣಕೈ ನೇರ ಮಾಡಿದ. ಮೇಲಿನಿಂದ ವನಿತಾ ಹಾರ ಬಿಟ್ಟಳು. ಅದು ಗಂಡಿನ ಕೊರಳಿಗೆ ಸರಿಯಾಗಿ ಬಿತ್ತು.