ಟ್ರಂಕಿನಲ್ಲಿ ಉಳಿದ ಮೂರನೇ ಆಟ

ಮೂಡಲಗಿಯಿಂದ ಗೋಕಾಕಿಗೆ ಮನೆ ಬದಲಿಸಿದಾಗ ನಮ್ಮ ಮನೆಯವರು ತಮ್ಮ ಮೂವತ್ತನಾಲ್ಕು ಆಟಗಳಲ್ಲಿ ಮೂವತ್ತೊಂದನ್ನು ಬಿಟ್ಟುಬಂದರು. ಉಳಿದ ಮೂರು ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿವೆ, ಸಾಯುವತನಕ ಇರುತ್ತವೆ. ಎರಡನ್ನು ಅವರು ಪ್ರೀತಿಯಿಂದ ಇಟ್ಟುಕೊಂಡರು. ಮೂರನೆಯದನ್ನು ಇಟ್ಟವಳು ನಾನು. ಯಾಕೆ ಇಟ್ಟೆ ಎಂದು ಅವರಿಗೂ ಹೇಳಿಲ್ಲ.

ನಮ್ಮ ಮನೆಯವರೆಂದರೆ ಸಿದ್ರಾಯ. ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ, ಹೊಟ್ಟೆ ಹೊರೆದದ್ದು ಮೂಡಲಗಿ ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಿಂದ. ಮೆತ್ತಗಿನ ಮಾತು, ಬೆರಳ ತುದಿಗೆ ಸದಾ ಟೋನರಿನ ಕಪ್ಪು. ಬೇರೆ ಗಂಡಸರಿಗೆ ಇಸ್ಪೀಟಿನ ಚಟವಿದ್ದರೆ ಇವರಿಗೆ ಕತೆಯಾಟದ ಚಟ. ಬೆಳಗಾವಿಯಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನಲ್ಲಿ ಹತ್ತಿದ್ದು, ಮದುವೆಯಾದ ಮೇಲೂ ಬಿಡಲಿಲ್ಲ. ಆಟಗಳ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ತರಿಸಿ, ತಮ್ಮ ಮಷೀನಿನಲ್ಲೇ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ನನ್ನ ಸೀರೆಗಳಿಗೆ ಆ ಕಪಾಟಿನಲ್ಲಿ ಜಾಗವಿರಲಿಲ್ಲ.

ಆಟ ಹೀಗೆ. ಮೇಜಿನ ಸುತ್ತ ನಾಲ್ಕು ಜನ. ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಕಾಡು ಬಂತು, ಬಾಗಿಲು ಬಂತು, ಒಳಗೇನೋ ಸದ್ದಾಯಿತು ಎಂದು ಹೇಳಿ, ಹೇಳುವವರು ಕೇಳುತ್ತಾರೆ: ಈಗ ಏನ್ ಮಾಡ್ತೀರಿ? ಮಾಡಹೊರಟಿದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ದಾಟಿದರೆ ಆಯಿತು, ದಾಟದಿದ್ದರೆ ಇಲ್ಲ. ಅಷ್ಟೇ. ಮೊದಮೊದಲು ಚಹಾ ಮಾಡಿಕೊಟ್ಟು ಬೈಯುತ್ತಿದ್ದ ನಾನು ಆಮೇಲೆ ಮೇಜಿಗೇ ಕುಳಿತೆ. ಉಳಿದಿಬ್ಬರು ಕನ್ನಡಕದ ಅಂಗಡಿಯ ಲಖನ ಮತ್ತು ತುಕ್ಕಾನಟ್ಟಿಯ ಸಾಲಿಯಲ್ಲಿ ವಿಜ್ಞಾನ ಕಲಿಸುವ ಪದ್ಮಶ್ರೀ. ಪ್ರತಿ ರವಿವಾರ ಮಧ್ಯಾಹ್ನ ಅಂಗಡಿಯ ಮೇಲಿನ ಖೋಲಿಯಲ್ಲಿ, ಕಿಟಕಿ ತೆರೆದಿಟ್ಟುಕೊಂಡು ಆಡುತ್ತಿದ್ದೆವು.

ಆ ಕಿಟಕಿ ಮುಚ್ಚಿಕೊಂಡಿದ್ದರೆ ಇದೇನೂ ಆಗುತ್ತಿರಲಿಲ್ಲ.

ಮೆಟ್ಟಿಲ ಬುಡದಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಮುದಕವ್ವನಿಗೆ ನಮ್ಮ ಮಾತೆಲ್ಲ ಕೇಳುತ್ತಿತ್ತು. ಒಂದು ರವಿವಾರ ಇವರು ಕತೆಯಲ್ಲಿ, "ಊರ ಮೂಡಣದ ಬಾವಿ ನೀರು ಕೆಟ್ಟೈತಿ, ಕುಡದ ದನಾ ಬದಕಾಂಗಿಲ್ಲ" ಅಂದರು. ದಾಳ ಉರುಳಿತು, ಪದ್ಮಶ್ರೀ "ಅಯ್ಯ ಶಿವನ" ಅಂದಳು. ಗುರುವಾರ ಮುದಕವ್ವನ ಹೈನದ ಎಮ್ಮೆ ಸತ್ತಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ಶುಕ್ರವಾರ ಆಕೆ ತೆಂಗಿನಕಾಯಿ ಹಿಡಿದು ಅಂಗಡಿಗೆ ಬಂದಳು.

"ನೀ ಹೇಳಿದ್ದೆಪ್ಪಾ ಸಿದ್ರಾಯ. ನಾನs ಕಿವೀಗಿ ಹಾಕ್ಕೊಳ್ಳಲಿಲ್ಲ."

"ಅದು ಆಟಾ ಬೇ ಯವ್ವಾ," ಅಂದರು ಇವರು.

"ಹೇಳಿಕಿ ಹೇಳಾವರು ಎಲ್ಲಾರೂ ಹಂಗs ಅಂತಾರ," ಎಂದು ಆಕೆ ಕಾಯಿಯನ್ನು ಝೆರಾಕ್ಸ್ ಮಷೀನಿನ ಮೇಲಿಟ್ಟು ಕೈಮುಗಿದು ಹೋದಳು.

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಾವು ಲಿಂಗ ಕಟ್ಟಿಕೊಂಡ ಮಂದಿ, ಕವಡೆ ಹಾಕಿ ನಾಳೆಯ ಮಾತು ಹೇಳುವುದು ನಮ್ಮ ಎರಡೂ ಮನೆತನದಲ್ಲಿ ಇಲ್ಲ. ಆದರೆ ಊರ ಬಾಯಿಗೆ ಅದೆಲ್ಲ ಯಾಕೆ ಬೇಕು? ಇಪ್ಪತ್ತು ಮುಖದ ಕವಡೆಯಂತೆ, ಹೆಸರಲ್ಲೇ ಸಿದ್ಧನಿರುವ ಸಿದ್ರಾಯನಂತೆ, ಇನ್ನೇನು ಕಡಿಮೆ. ಒಂದೇ ತಿಂಗಳಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದವರು ಲಿಂಬೆಹಣ್ಣು ತರತೊಡಗಿದರು.

ಇವರು ಎಲ್ಲರಿಗೂ ಇಲ್ಲ ಅಂದರು. ಆಗ ಜನ ಇವರ ಬರಿಯ ಮಾತನ್ನೇ ಹೇಳಿಕೆ ಮಾಡಿಕೊಂಡರು. "ಸಂಜಿಕ ಮಳಿ ಬಂದೀತು" ಅಂದರೆ ಯಾರೋ ಒಣಹಾಕಿದ ಜೋಳ ಎತ್ತಿಡುತ್ತಿದ್ದರು. ಹಾಗಾಗಿ ಇವರು ಮಾತು ನಿಲ್ಲಿಸಿದರು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರು ನಮ್ಮ ಅಂಗಡಿಗೆ ಬರಬೇಕಿತ್ತು. ಗರ್ಭಚೀಲದ ಆಪರೇಶನ್ನಿಗೆಂದು ರಿಪೋರ್ಟಿನ ಪ್ರತಿ ತೆಗೆಸಿದ ರಾಮವ್ವ ಎಂಬಾಕೆ, "ಎಲ್ಲಾ ಚಲೋ ಆಗ್ತೈತೆಲ್ಲರಿ?" ಎಂದು ಕೇಳಿದಳು. ಇವರು ಹೆದರಿ ಬಾಯಿ ತೆರೆಯಲಿಲ್ಲ. ಆಕೆ ಕಾಗದಗಳನ್ನು ಮಡಚಿಕೊಂಡು ಮನೆಗೆ ಹೋದಳು, ಆಪರೇಶನ್ನಿಗೆ ಹೋಗಲೇ ಇಲ್ಲ. ಎರಡು ತಿಂಗಳಲ್ಲಿ ತೀರಿಕೊಂಡಳು.

ಆ ಸುದ್ದಿ ಬಂದ ದಿನ ಇವರು ಊಟ ಮಾಡಲಿಲ್ಲ. "ಸುಜಾತಾ, ಈ ಊರು ಬಿಡೂಣು," ಅಂದರು. ಆ ಹೊತ್ತಿಗೆ ನನ್ನ ನಗುವೂ ನಿಂತುಹೋಗಿತ್ತು. ದಸರೆ ಮುಗಿದ ಮೇಲೆ ನನ್ನ ತವರಾದ ಗೋಕಾಕಿಗೆ ಹೋಗುವುದೆಂದು ನಿಶ್ಚಯವಾಯಿತು.

ಆಟಗಳನ್ನೆಲ್ಲ ಬೆಳಗಾವಿಯ ಗೆಳೆಯರಿಗೆ ಹಂಚಿಬಿಡು ಎಂದು ಲಖನನಿಗೆ ಹೇಳಿದರು. ಆಮೇಲೆ ಒಂದು ಮುಂಜಾನೆ ಮೂವತ್ತನಾಲ್ಕನ್ನೂ ನೆಲದ ಮೇಲೆ ಹರವಿಕೊಂಡು ನಡುವೆ ಕುಳಿತರು. "ಪೂರಾ ಬಿಟ್ಟರ ನಾ ನಾನಾಗಿ ಉಳಿಯಾಂಗಿಲ್ಲ. ಮೂರು ಇಟ್ಕೊಂತೇನಿ." ಹೆಣ್ಣು ನೋಡುವಾಗಲೂ ಈ ಮನುಷ್ಯ ಅಷ್ಟು ಯೋಚಿಸಿರಲಿಲ್ಲ. ಯಾವ ಆಟದಲ್ಲಿ ದಾಳ ಬಿದ್ದು ಯಾರಾದರೂ ಸಾಯುತ್ತಾರೋ ಅದೆಲ್ಲ ಬಾಗಿಲ ಕಡೆ ಹೋಯಿತು. ಅಲ್ಲಿಗೇ ಇಪ್ಪತ್ತಾರು ಕಡಿಮೆಯಾದವು.

ಮೊದಲು ಉಳಿದದ್ದು ಖಾನಾವಳಿಯ ಆಟ. ಅದರಲ್ಲಿ ದಾಳವಿಲ್ಲ. ಬಸ್ ಸ್ಟ್ಯಾಂಡಿನ ಒಂದು ಖಾನಾವಳಿಯಲ್ಲಿ ನಾಲ್ವರು ಕೆಲಸದವರು, ಹೊರಗೆ ಮೂರು ಬಸ್ಸಿನ ಜನ, ಒಳಗೆ ಹಿಟ್ಟು ಮುಗಿಯುತ್ತ ಬಂದಿದೆ, ಅಷ್ಟೇ ಕತೆ. ಎರಡನೆಯದು ಊರು ಕಟ್ಟುವ ಆಟ. ದೊಡ್ಡ ಹಾಳೆಯ ಮೇಲೆ ಒಬ್ಬೊಬ್ಬರು ಒಂದೊಂದು ಬರೆಯಬೇಕು, ಬಾವಿಯೋ ಬೇವಿನ ಮರವೋ. ಮದುವೆಯಾದ ವರ್ಷ ನಾವಿಬ್ಬರೇ ಆಡಿ ಹನ್ನೊಂದು ಹಾಳೆ ತುಂಬಿಸಿದ್ದೆವು. ಆ ಊರಿನಲ್ಲಿ ನನಗೊಂದು ಮನೆ ಇದೆ, ಅದರ ಹಿತ್ತಿಲಲ್ಲಿ ನುಗ್ಗೆ ಮರ. ಅದನ್ನು ಅವರು ಟ್ರಂಕಿಗೆ ಹಾಕಿದಾಗ ನಾನು ಮುಖ ತಿರುಗಿಸಿ ಪಾತ್ರೆ ಕಟ್ಟತೊಡಗಿದೆ.

ಮೂರನೆಯದಕ್ಕೆ ಕೈ ನಡೆಯಲಿಲ್ಲ. ಹಾಸ್ಟೆಲಿನಲ್ಲಿ ಮೊಟ್ಟಮೊದಲು ಆಡಿದ ಕೋಟೆಯ ಆಟ, ಬೆನ್ನಿಗೆ ಫೆವಿಕಾಲ್ ಹಚ್ಚಿ ಹಚ್ಚಿ ಹಲಗೆಯಾದ ಪುಸ್ತಕ, ಜೊತೆಗೆ ಸಣ್ಣ ಡಬ್ಬಿಯಲ್ಲಿ ಆ ದಾಳ. ಒಳಗಿಟ್ಟರು, ಹೊರಗೆ ತೆಗೆದರು, ಮತ್ತೆ ಇಟ್ಟರು. "ಇರಲಿ ಬಿಡ್ರಿ," ಅಂದೆ ನಾನು.

"ಬ್ಯಾಡ. ದಾಳ ಇದ್ದಲ್ಲಿ ಮಂದಿ ಬರ್ತಾರ." ಬಾಗಿಲ ಕಡೆಯ ರಾಶಿಯ ಮೇಲೆ ಅದನ್ನಿಟ್ಟು ಎದ್ದುಹೋದರು. ಮೂರನೆಯ ಜಾಗ ಖಾಲಿಯೇ ಉಳಿಯಿತು.

ಆ ವಾರವೇ ಗೌರವ್ವ ಬರತೊಡಗಿದ್ದು. ತುಕ್ಕಾನಟ್ಟಿಯವಳು, ಮೂವತ್ತರ ಆಸುಪಾಸು, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಗಂಡ ಮಾಯಪ್ಪ ಟಿಪ್ಪರ್ ಓಡಿಸುತ್ತಿದ್ದವನು, ಮೂರು ವರ್ಷದ ಹಿಂದೆ ಹೋದವನು ಬಂದಿರಲಿಲ್ಲ. ಆಕೆ ಜಗಳ ಮಾಡಲಿಲ್ಲ, ಅಳಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಂಡವರಿಗೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ಅಂವ ಬರ್ತಾನೇನ್ರಿ?" ನಾಲ್ಕು ರವಿವಾರ ಹೀಗೇ ಆಯಿತು. ಇವರು ಹಿತ್ತಿಲ ಬಾಗಿಲಿನಿಂದ ಓಡಾಡಿದರು.

ನಾಲ್ಕನೆಯ ರವಿವಾರ ಇವರು ಹುಕ್ಕೇರಿಗೆ ಹೋಗಿದ್ದರು. ಸುಡು ಬಿಸಿಲು, ಮನೆ ತುಂಬ ಸಾಮಾನು ಕಟ್ಟುವ ಕೆಲಸ, ನನ್ನ ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಮಾತು ಹೇಳಿದರೆ ಈ ಪೀಡೆ ಕಳೆದೀತು ಎನಿಸಿತು. ರಾಶಿಯ ಮೇಲಿನ ಡಬ್ಬಿ ತೆರೆದು ಆಕೆಯೆದುರೇ ದಾಳ ಹಾಕಿದೆ. ಹತ್ತು ದಾಟಿದರೆ ಬರುತ್ತಾನೆ, ಇಲ್ಲವಾದರೆ ಇಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೂರು ಬಿತ್ತು.

ಆಕೆಯ ಮುಖ ನೋಡಿದೆ. ಆ ಕುಂಕುಮ, ಆ ಬಳೆ. ಇಂಥವಳಿಗೆ ಇಲ್ಲ ಅನ್ನುವುದು ಹೇಗೆ?

"ಬರ್ತಾನ," ಅಂದೆ. "ಬನ್ನಿ ಹಬ್ಬಕ್ಕ ಬರ್ತಾನ, ಹೋಗವ್ವಾ."

ಆಕೆ ನಗಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಂಡು, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಪಾಪ ಎಂದುಕೊಂಡು ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಂಜೆ ಇವರಿಗೆ ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ಮೇಲೆ ದನಿ ಏರಿಸಿದರು. "ಆಟದಾಗ ನಾವ್ ಏನ್ ಕೇಳ್ತೇವಿ? ನೀವ್ ಏನ್ ಮಾಡ್ತೀರಿ ಅಂತ ಕೇಳ್ತೇವಿ. ನಿಮಗ ಏನಾಗ್ತೈತಿ ಅಂತ ಹೇಳೂದು ನಮ್ಮ ಕೆಲಸಲ್ಲ. ಅಕೀನ್ನ ಒಂದ್ ಮಾತು ಕೇಳಿದ್ದ್ಯಾ ನೀ?" ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಬನ್ನಿ ಹಬ್ಬದ ದಿನ ಇಳಿಹೊತ್ತಿನಲ್ಲಿ ಪದ್ಮಶ್ರೀ ತುಕ್ಕಾನಟ್ಟಿಯಿಂದ ಸ್ಕೂಟಿ ಹತ್ತಿ ಓಡಿಬಂದಳು. ಗೌರವ್ವನ ಮನೆ ಆಕೆಯ ಬಾಡಿಗೆ ಖೋಲಿಯ ಹಿಂದಿನ ಓಣಿ.

"ವೈನಿ, ನೀವ್ ಅಕೀಗಿ ಏನ್ ಹೇಳೀರಿ?"

"ಗಂಡ ಬರ್ತಾನ ಅಂದೆ. ಪಾಪ, ಮೂರು ವರ್ಷದಿಂದ ದಾರಿ ಕಾಯಾಕತ್ತಾಳ."

"ದಾರಿ ಕಾಯಾಕತ್ತಿಲ್ಲರಿ, ಅಂಜಾಕತ್ತಾಳ. ಎರಡು ಸಲ ಕೈ ಮುರದಾನಂವ. ಹೋಗುವಾಗ, ಬಂದ ಮ್ಯಾಲೆ ನಿನ್ನ ಜೀವಂತ ಬಿಡಾಂಗಿಲ್ಲ ಅಂದ ಹೋಗ್ಯಾನ. ಅವರಣ್ಣ ಕೌಜಲಗ್ಯಾಗ ಉಡಿಕಿ ಮದಿವಿ ಗೊತ್ತು ಮಾಡಿದ್ದ. ಹೆಂಡ್ತಿ ಸತ್ತಾಂವ, ಚಲೋ ಮನಶ್ಯಾ. ಮಾಯಪ್ಪ ಬರಾಂಗಿಲ್ಲ ಅಂತ ನಿಮ್ಮ ಬಾಯಿಂದ ಕೇಳಿ ಹೋಗಬೇಕಂತಿದ್ಲು. ನೀವ್ ಬರ್ತಾನ ಅಂದ ಮ್ಯಾಲೆ ಒಲ್ಲೆ ಅಂದ್ಲಂತ. ಇವತ್ತ ಮುಂಜಾನಿಂದ ಬಾಗಲಾ ಹಾಕ್ಕೊಂಡಾಳ. ಕುಡಗೋಲು ಮಸದದ್ದು ನಾನs ಕೇಳೇನಿ."

ನಾನು ಒಳಗೋಡಿದೆ. ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡೆ. ಸುಳ್ಳು ಹೇಳಿದೆ ಎಂದು ಆಕೆಯೆದುರೇ ಆ ದಾಳವನ್ನು ಒಡೆದುಹಾಕುವ ವಿಚಾರ. ಇವರು ಗಾಡಿ ತೆಗೆದರು.

ತುಕ್ಕಾನಟ್ಟಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬನ್ನಿ ಹಬ್ಬದ ಸಂಜೆ ನಮ್ಮ ಕಡೆ ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರೆ, ಹಳೆಯ ಜಗಳವಿದ್ದವರೂ ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೂಣು ಅನ್ನುತ್ತಾರೆ. ಊರ ತುಂಬ ಬಾಗಿಲುಗಳು ತೆರೆದಿದ್ದವು. ಒಂದೇ ಒಂದು ಮುಚ್ಚಿತ್ತು. ಮುಂಜಾನೆಯಿಂದ ಅದನ್ನು ಎಷ್ಟು ಜನ ಬಡಿದಿದ್ದರೋ, ಪ್ರತಿ ಸಲ ಒಳಗಿನವಳ ಜೀವ ಎಷ್ಟು ಹಾರಿತ್ತೋ. ನಾನೂ ಬಡಿದೆ.

"ಗೌರವ್ವಾ, ನಾನು, ಮೂಡಲಗಿ ಝೆರಾಕ್ಸ್ ಅಂಗಡಿ ಸುಜಾತಾ."

ಒಳಗಿಂದ ದನಿ ಬಂತು, ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದಷ್ಟು ಹತ್ತಿರ. "ಅಂವ ನಿಮ್ಮ ಬಾಜೂ ನಿಂತಾನೇನ್ರಿ?"

"ಇಲ್ಲವಾ. ನಮ್ಮ ಮನಿಯವರದಾರ. ಅವತ್ತ ನಾ ಸುಳ್ಳ ಹೇಳಿದ್ನಿ. ದಾಳ, ಅಂವ ಬರಾಂಗಿಲ್ಲ ಅಂದಿತ್ತು."

"ಅಂವ ಹೇಳಸಾಕತ್ತಾನೇನ್ರಿ ಹಿಂಗ?"

ನನಗೆ ಅಳು ಬಂತು. ಇವರು ಮುಂದೆ ಬಂದು, ಮೇಜಿಗೆ ಕುಳಿತಾಗಿನ ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು. "ಗೌರವ್ವಾ, ಅಂವ ಬರೂದು ಬಿಡೂದು ಇರಲಿ. ಈಗ ನೀವ್ ಏನ್ ಮಾಡ್ತೀರಿ?"

"ಕುಡಗೋಲು ಹಿಡ್ಕೊಂಡು ಕುಂತೇನ್ರಿ. ಮತ್ತೇನ್ ಮಾಡ್ಲಿ?" ಆಮೇಲೆ, "ಇನ್ನೊಮ್ಮಿ ಹಾಕ್ರಿ. ಹೊಸ್ತಲದ ಮ್ಯಾಲ ಹಾಕ್ರಿ, ಸಪ್ಪಳ ನನಗ ಕೇಳಬೇಕು."

ಇವರು ಬೇಡವೆಂದು ತಲೆಯಾಡಿಸಿದರು. ನಾನು ಕುಕ್ಕರಗಾಲಲ್ಲಿ ಕುಳಿತು ಡಬ್ಬಿ ತೆರೆದು ದಾಳ ಹಾಕಿದೆ. ಕಲ್ಲಿನ ಮೇಲೆ ಅದು ಉರುಳಿ ನಿಂತಿತು. ಅದರ ಮೇಲೆ ಕೈ ಮುಚ್ಚಿ, "ಬರಾಂಗಿಲ್ಲ," ಅಂದೆ. "ಇನ್ನ ಅಂವ ಬರಾಂಗಿಲ್ಲ."

ಅಗಳಿ ಸರಿಯಿತು. ಗೌರವ್ವನ ಎಡಗೈಯಲ್ಲಿ ಕುಡಗೋಲು ಹಾಗೆಯೇ ಇತ್ತು, ಬಲಗೈ ಮುಂದೆ ಚಾಚಿದಳು. ಇವರು ಅದರಲ್ಲಿ ಬನ್ನಿ ಎಲೆ ಇಟ್ಟರು. ಅಷ್ಟರಲ್ಲಿ ನಾನು ದಾಳವನ್ನು ಬಿದ್ದ ಮುಖ ಬದಲಾಗದಂತೆ ಡಬ್ಬಿಯೊಳಗೆ ಸರಿಸಿಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಕೌಜಲಗಿಯಲ್ಲಿ ಗೌರವ್ವನ ಉಡಿಕಿ ಆಯಿತು. ನಾವು ಗೋಕಾಕಿಗೆ ಬಂದೆವು. ಹೊರಡುವ ದಿನ ಲಖನನ ಗಾಡಿಗೆ ಹೇರಿದ ರಾಶಿಯಿಂದ ಕೋಟೆಯ ಆಟವನ್ನು ಇಳಿಸಿ ನಾನೇ ಟ್ರಂಕಿಗೆ ಹಾಕಿದೆ. ಇವರು ಮಗುವಿನಂತೆ ಖುಷಿಪಟ್ಟರು, ತಮಗಾಗಿ ಇಟ್ಟೆನೆಂದು ತಿಳಿದುಕೊಂಡಿದ್ದಾರೆ. ದಾಳದ ಡಬ್ಬಿಯ ಸುತ್ತ ಮಾತ್ರ ಟೇಪು ಸುತ್ತಿದ್ದೇನೆ. ಒಳಗೆ ಅರಳೆ ತುರುಕಿದ್ದೇನೆ, ಅದು ಇನ್ನೊಮ್ಮೆ ಹೊರಳಬಾರದು.

ತುಕ್ಕಾನಟ್ಟಿಯ ಹೊಸ್ತಿಲ ಮೇಲೆ ಬಿದ್ದದ್ದು ಹತ್ತೊಂಬತ್ತು.

ಮೊದಲ ಸಲ ಅದು ಇಲ್ಲ ಅಂದಾಗ ನಾನು ಬರುತ್ತಾನೆ ಅಂದೆ, ಎರಡನೆಯ ಸಲ ಬರುತ್ತಾನೆ ಅಂದಾಗ ಇಲ್ಲ ಅಂದೆ. ಪ್ಲಾಸ್ಟಿಕ್ ದಾಳಕ್ಕೆ ಏನು ಗೊತ್ತಾಗುತ್ತದೆ ಎಂದು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಆದರೂ ಒಡೆಯುವ ಧೈರ್ಯವಿಲ್ಲ, ಯಾರಿಗಾದರೂ ಕೊಡುವ ಧೈರ್ಯವೂ ಇಲ್ಲ. ಅದಾಗಿ ಎರಡು ಬನ್ನಿ ಹಬ್ಬ ಕಳೆದವು, ಮಾಯಪ್ಪ ಬಂದಿಲ್ಲ. ಬಂದರೂ ನನ್ನ ಮನೆಗೆ ಬರುವುದಿಲ್ಲ. ಕೇಳಿಕೊಂಡು ಕೌಜಲಗಿಗೇ ಹೋಗುತ್ತಾನೆ.

ಮೊನ್ನೆ ಪದ್ಮಶ್ರೀ ಫೋನ್ ಮಾಡಿದ್ದಳು. ಗೌರವ್ವ ಮೈಕೈ ತುಂಬಿಕೊಂಡಿದ್ದಾಳಂತೆ, ನನ್ನನ್ನು ನೆನೆಯದ ದಿನವಿಲ್ಲವಂತೆ. ಗಂಡ ಹೊಲಕ್ಕೆ ಹೋದ ಮೇಲೆ ಒಬ್ಬಳೇ ಇರುತ್ತಾಳೆ, ಹಗಲೆಲ್ಲ ಬಾಗಿಲು ತೆರೆದೇ ಇರುತ್ತದೆ ಅಂದಳು.