ಮೇಲ್ಮಹಡಿಯ ಚಿಕ್ಕಮ್ಮ

ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಪರದೆಗಳನ್ನು ಸರಿಸುತ್ತ ಬರುವ ಆಯಾ, ಮುಸುಕೆಳೆದು ಮಲಗಿದ ಹುಡುಗನೊಬ್ಬನ ಬಳಿ ನಿಲ್ಲುತ್ತಾರೆ.

"ಇನ್ನೈದು ನಿಮಿಷ, ಚಿಕ್ಕಮ್ಮಾ..."

"ನಿನ್ನ ಐದು ನಿಮಿಷ ಮುಗಿಯೋಷ್ಟರಲ್ಲಿ ಊಟದ ಹೊತ್ತಾಗತ್ತೆ. ಏಳಪ್ಪ, ಆ ತಲೆ ನೋಡಿ ಹಕ್ಕಿ ಗೂಡು ಕಟ್ಟೋಕೆ ಬಂದೀತು!"

ಮುಸುಕಿನೊಳಗಿಂದ ನಗು ಕೇಳಿಸುತ್ತದೆ. ಬಂದ ಹೊಸತರಲ್ಲಿ ಇವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮನಸ್ಸಿನ ಕಾಯಿಲೆಯಿಂದ ಬಳಲುವ ಹದಿಹರೆಯದವರಿಗೆಂದೇ ಇರುವ ವಾರ್ಡಿದು. ಹದಿನಾರು ಹಾಸಿಗೆ; ಪ್ರತಿಯೊಂದರ ಪಕ್ಕ ಮನೆಯವರಿಗೊಂದು ಸಣ್ಣ ಮಂಚ. ಮಕ್ಕಳನ್ನು ಸ್ನಾನಕ್ಕೆ ಹೊರಡಿಸುವುದು, ಅತ್ತರೆ ಪಕ್ಕದಲ್ಲಿ ಕೂರುವುದು, ಕೇರಂ ಆಡಿ ಸೋಲುವುದು ಎಲ್ಲವೂ ಮಕ್ಕಳು 'ಚಿಕ್ಕಮ್ಮ' ಎನ್ನುವ ಈ ಆಯಾರ ಪಾಲಿಗೆ. "ಬೇಕಂತ ಸೋಲಲ್ಲ. ನಿಜವಾಗ್ಲೂ ನಂಗೆ ಆಡೋಕೆ ಬರಲ್ಲ," ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಇಲ್ಲಿದ್ದದ್ದು ದೊಡ್ಡವರ ವಾರ್ಡ್ ಮಾತ್ರ. ಊಟ, ಮಾತು ಎರಡನ್ನೂ ಬಿಟ್ಟಿದ್ದ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬರು ಅದನ್ನು ನೋಡಿದವರೇ ಹಿಂತಿರುಗಿ ನಡೆದರು. ಆಯಾ ಗೇಟಿನ ತನಕ ಓಡಿದರು.

"ಇಷ್ಟು ದೊಡ್ಡವರ ಮಧ್ಯೆ ಇವಳನ್ನ ಹೇಗೆ ಬಿಡ್ಲಿ? ನಿಮ್ಮ ಮಗಳಾಗಿದ್ರೆ ಬಿಡ್ತಿದ್ರಾ?" ಎಂದರು ತಾಯಿ.

"ಇಲ್ಲಮ್ಮ," ಎಂದರು ಆಯಾ. ಫೋನ್ ನಂಬರ್ ಇಸಿದುಕೊಂಡು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಮಕ್ಕಳಿಗೆ ಬೇರೆ ವಾರ್ಡ್ ಬೇಕೆಂದರು.

"ನಂಗೂ ಕೇಳಿ ಕೇಳಿ ಸಾಕಾಗಿದೆಯಮ್ಮ. ಜಾಗ ಎಲ್ಲಿದೆ ಅಂತಾರೆ ಮೇಲಿನವರು," ಎಂದರು ಡಾಕ್ಟರು.

"ಮುರುಕು ಮಂಚ ತುಂಬಿರೋ ಮೇಲ್ಮಹಡಿ ಇದೆಯಲ್ಲ ಸಾರ್? ಒಪ್ಪಿಸೋದು ನೀವು, ಗುಡಿಸೋದು ನಾನು."

ಡಾಕ್ಟರು ಪಟ್ಟು ಹಿಡಿದು ಒಪ್ಪಿಗೆ ತಂದರು. ಅಲ್ಲಿಯವರೆಗೆ ಅವರು ಆ ಹುಡುಗಿಯನ್ನು ದಿನವೂ ಕರೆಸಿಕೊಂಡು ನೋಡಿದರೆ, ಆಯಾ ಸಂಜೆ ಅವಳ ಮನೆಗೇ ಹೋಗಿ ಕೂತು ಬಂದರು. ಹೆಂಡತಿಯ ಕೆಲಸಕ್ಕೆ ಮೂಗು ಮುರಿಯುತ್ತಿದ್ದ ಗಂಡನೂ ಟೊಂಕ ಕಟ್ಟಿ ಗೋಡೆಗೆ ಬಣ್ಣ ಬಳಿದರು: ಅರ್ಧ ಹಳದಿ, ಡಬ್ಬ ಖಾಲಿಯಾದ ಮೇಲೆ ಇನ್ನರ್ಧ ಹಸಿರು.

ಆರಂಭಕ್ಕೆ ಆರು ಹಾಸಿಗೆ ಸಿದ್ಧವಾದವು. ಮೊದಲನೆಯದು ಆ ಹುಡುಗಿಗೆ. ಎರಡನೇ ವಾರ ಅವಳು ಬಾಯಿ ಬಿಟ್ಟಳು: "ಈ ಗೋಡೆಗೆ ಬಣ್ಣ ಹೊಡೆದೋರು ಯಾರು? ಕೆಟ್ಟದಾಗಿದೆ."

ಅವಳ ತಾಯಿ ಅಳುತ್ತ ನಕ್ಕರು. "ನಮ್ಮೆಜಮಾನ್ರಿಗೆ ಅದಕ್ಕಿಂತ ದೊಡ್ಡ ಬಿರುದು ಯಾರೂ ಕೊಟ್ಟಿಲ್ಲ," ಎನ್ನುತ್ತಾರೆ ಚಿಕ್ಕಮ್ಮ. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. "ಎಲ್ಲರೂ ಅಷ್ಟು ಬೇಗ ಹುಷಾರಾಗಲ್ಲ. ಕೆಲವರು ಮತ್ತೆ ಬರ್ತಾರೆ. ಬರಲಿ, ಹಾಸಿಗೆ ಇದೆಯಲ್ಲ."

ಪಕ್ಕದ ಊರಿನ ಆಸ್ಪತ್ರೆಯೂ ಇಂಥದೊಂದು ವಾರ್ಡ್ ತೆರೆಯುತ್ತಿದೆ. ಅಲ್ಲಿನ ಆಯಾಗಳಿಗೆ ಕೆಲಸ ಹೇಳಿಕೊಡಲು ಚಿಕ್ಕಮ್ಮನಿಗೆ ಕರೆ ಬಂದಿದೆ.

"ಮಗು ಮಾತಾಡದೇ ಇದ್ರೂ ಪಕ್ಕದಿಂದ ಎದ್ದು ಹೋಗಬೇಡಿ ಅಂತ ಹೇಳ್ಕೊಡ್ತೀನಿ. ಆಮೇಲೆ ಇನ್ನೊಂದೂರು ಕರೆದ್ರೆ ಅಲ್ಲಿಗೂ ಸೈ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ರೆ ಸಾಕು."